ಮೊಜಾರ್ಟನ ಹೆಸರಿನ ಸಿಹಿ ಉಂಡೆ

ಎಳ್ಳುಂಡೆಯನ್ನು ಮೊದಲು ಕಟ್ಟಿದವರು ಯಾರು? ನಿಮ್ಮ ಅಜ್ಜಿಯನ್ನು ಕೇಳಿ ನೋಡಿ. ಅವರಿಗೆ ಅವರ ಅಜ್ಜಿ ಕಲಿಸಿದ್ದು, ಅಷ್ಟೇ ಗೊತ್ತು. ಹೀಗಾಗಿ ಎಳ್ಳುಂಡೆ ತನ್ನದೆಂದು ಯಾರೂ ಯಾರ ಮೇಲೂ ದಾವೆ ಹೂಡುವಂತಿಲ್ಲ. ಆದರೆ ಯುರೋಪು ಖಂಡದ ಆಸ್ಟ್ರಿಯಾ ದೇಶದಲ್ಲಿ ಒಂದು ಚಾಕೊಲೇಟ್ ಉಂಡೆಯಿದೆ. ಅದು ಹುಟ್ಟಿದ ಊರು, ವರ್ಷ, ಕಟ್ಟಿದವನ ಹೆಸರು ಎಲ್ಲವೂ ಗೊತ್ತು. ಆದರೂ, ಅಥವಾ ಆದುದರಿಂದಲೇ, ಅದರ ಹೆಸರಿಗಾಗಿ ನ್ಯಾಯಾಲಯದಲ್ಲಿ ಹೋರಾಟ ನಡೆದಿದೆ.

ಆ ಉಂಡೆಗೆ ‘ಮೋಟ್ಸಾರ್ಟ್‌ಕೂಗೆಲ್’ ಎಂದು ಹೆಸರು. ನಾವು ಮೊಜಾರ್ಟ್ ಎನ್ನುವ ಸಂಗೀತಗಾರನನ್ನು ಜರ್ಮನ್ ಭಾಷೆಯವರು ಮೋಟ್ಸಾರ್ಟ್ ಎನ್ನುತ್ತಾರೆ. ಕೂಗೆಲ್ ಎಂದರೆ ಗುಂಡು. ಹುಟ್ಟಿದ ಊರು ಸಾಲ್ಜ್‌ಬರ್ಗ್, ಅಂದರೆ ‘ಉಪ್ಪಿನ ಕೋಟೆ’. ಉಪ್ಪಿನಿಂದ ಹೆಸರು ಪಡೆದ ಊರು ಇಂದು ಸಿಹಿಗೆ ಪ್ರಸಿದ್ಧವಾಗಿದೆ!

ವುಲ್ಫ್‌ಗಾಂಗ್ ಅಮಡೇಯಸ್ ಮೊಜಾರ್ಟ್ ಈ ಊರಿನಲ್ಲಿ 1756ರ ಜನವರಿ 27ರಂದು ಹುಟ್ಟಿದನು. ಅಲ್ಲಿನ ಆರ್ಚ್‌ಬಿಷಪ್ಪರ ಚಾಕರಿಯಲ್ಲಿದ್ದ ಅವನಿಗೆ ಧಣಿಯೊಡನೆ ಸರಿಹೋಗಲಿಲ್ಲ. 1781ರಲ್ಲಿ ಚಾಕರಿ ಮುಗಿಯಿತು. ಧಣಿಯ ಅಧಿಕಾರಿಯೊಬ್ಬ ತನ್ನನ್ನು ಒದ್ದು ಹೊರಹಾಕಿದನೆಂದು ಅವನೇ ತಂದೆಗೆ ಕಾಗದ ಬರೆದಿದ್ದಾನೆ. ಆಮೇಲೆ ವಿಯೆನ್ನಾದಲ್ಲಿ ನೆಲೆಸಿ, 1791ರಲ್ಲಿ, ಮೂವತ್ತೈದರ ಹರೆಯದಲ್ಲೇ ಸಾಲ ಉಳಿಸಿ ತೀರಿಕೊಂಡನು. ತನ್ನ ಹೆಸರಿನ ಉಂಡೆಯ ರುಚಿಯನ್ನು ಅವನು ನೋಡಲೇ ಇಲ್ಲ. ಅದು ಹುಟ್ಟುವ ಹೊತ್ತಿಗೆ ಅವನು ಸತ್ತು ತೊಂಬತ್ತೊಂಬತ್ತು ವರ್ಷಗಳಾಗಿದ್ದವು.

ಪೌಲ್ ಫ್ಯುರ್ಸ್ಟ್ ಎಂಬ ಮಿಠಾಯಿಗಾರನು 1884ರಲ್ಲಿ ಸಾಲ್ಜ್‌ಬರ್ಗಿನ ಬ್ರೋಡ್‌ಗಾಸೆ ಎಂಬ ಓಣಿಯಲ್ಲಿ ಅಂಗಡಿ ತೆರೆದನು. 1890ರಲ್ಲಿ ಅವನು ಒಂದು ಹೊಸ ಸಿಹಿಯನ್ನು ಮಾಡಿ ‘ಮೊಜಾರ್ಟ್ ಬೋನ್‌ಬೋನ್’ ಎಂದು ಕರೆದನು. ಅದರೊಳಗೆ ಏನಿದೆ? ನಡುವೆ ‘ಮಾರ್ಜಿಪಾನ್’. ಬಾದಾಮಿಯನ್ನು ಸಕ್ಕರೆಯೊಡನೆ ನುಣ್ಣಗೆ ಅರೆದು ಮಾಡಿದ ಕಣಕವಿದು. ಇದಕ್ಕೆ ಪಿಸ್ತಾ ಸೇರಿರುವುದರಿಂದ ಹಸಿರು ಬಣ್ಣ. ಅದರ ಸುತ್ತ ‘ನೂಗಾ’. ಹುರಿದ ಹೇಝಲ್ ಬೀಜ, ಸಕ್ಕರೆ, ಕೊಕ್ಕೋ ಇವುಗಳನ್ನು ಅರೆದ ಕಂದು ಬಣ್ಣದ ಮೆತ್ತನೆಯ ಪಾಕವದು. ಇದೇ ಹೆಸರಿನಲ್ಲಿ ಫ್ರಾನ್ಸಿನಲ್ಲಿ ಸಿಗುವ ಬಿಳಿಯ ಅಂಟುಮಿಠಾಯಿಯೇ ಬೇರೆ. ಎಲ್ಲದರ ಹೊರಗೆ ಕಡು ಚಾಕೊಲೇಟಿನ ತೆಳು ಕವಚ. ಉಂಡೆಯನ್ನು ಅಡ್ಡಲಾಗಿ ಕತ್ತರಿಸಿದರೆ ಹಸಿರು, ಕಂದು, ಕಪ್ಪು ವೃತ್ತಗಳು ಒಂದರ ಸುತ್ತ ಒಂದು ಕಾಣಿಸುತ್ತವೆ.

ಈಗ ಒಂದು ಸಮಸ್ಯೆ. ಕರಗಿದ ಚಾಕೊಲೇಟಿನಲ್ಲಿ ಉಂಡೆಯನ್ನು ಅದ್ದಿ ಎಲ್ಲಿಯಾದರೂ ಇಟ್ಟರೆ ಅದು ಆರುವಾಗ ಅಡಿಭಾಗ ಚಪ್ಪಟೆಯಾಗುತ್ತದೆ. ನಾಲ್ಕೂ ಕಡೆ ಗುಂಡಗೆ ಬರಬೇಕಾದರೆ ಏನು ಮಾಡಬೇಕು? ಮುಂದೆ ಓದುವ ಮೊದಲು ಸ್ವಲ್ಪ ಯೋಚಿಸಿ.

ಫ್ಯುರ್ಸ್ಟ್ ಕಂಡುಕೊಂಡ ಉಪಾಯ ಒಂದು ಸಣ್ಣ ಮರದ ಕಡ್ಡಿ. ಉಂಡೆಗೆ ಕಡ್ಡಿ ಚುಚ್ಚಿ, ಚಾಕೊಲೇಟಿನಲ್ಲಿ ಅದ್ದಿ, ಉಂಡೆ ಮೇಲೆ ಬರುವಂತೆ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸುವುದು. ಉಂಡೆ ಯಾವುದಕ್ಕೂ ತಾಗದೆ ಗಾಳಿಯಲ್ಲಿ ತಣಿದು ಗಟ್ಟಿಯಾಗುತ್ತದೆ. ಬಳಿಕ ಕಡ್ಡಿಯನ್ನು ಎಳೆದು, ಉಳಿದ ತೂತನ್ನು ಚಾಕೊಲೇಟಿನಿಂದ ಮುಚ್ಚಿ, ನೀಲಿ ಮತ್ತು ಬೆಳ್ಳಿ ಬಣ್ಣದ ಹಾಳೆಯಲ್ಲಿ ಸುತ್ತುವುದು. ಇಂದಿಗೂ ಆ ಮನೆತನದ ಅಂಗಡಿಯಲ್ಲಿ ಇದನ್ನೆಲ್ಲ ಕೈಯಿಂದಲೇ ಮಾಡುತ್ತಾರೆ.

ಚಾಕೊಲೇಟು ಕೋಣೆಯಲ್ಲಿ ಗಟ್ಟಿಯಾಗಿದ್ದು ಬಾಯಲ್ಲಿ ಕರಗುವುದೇಕೆ? ಅದರಲ್ಲಿರುವ ಕೊಕ್ಕೋ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ನಮ್ಮ ಮೈಶಾಖ 37 ಡಿಗ್ರಿ. ನಮ್ಮ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಆ ಕಡ್ಡಿಗಳ ಮೇಲೆ ಉಂಡೆ ನಿಂತೀತೇ ಎಂಬುದು ಸಂಶಯ! ಕೊಕ್ಕೋ ಆಸ್ಟ್ರಿಯಾದ ಚಳಿಯಲ್ಲಿ ಬೆಳೆಯದು. ಅದು ನಮ್ಮ ಕಾಸರಗೋಡಿನ ಅಡಿಕೆ ತೋಟಗಳಂತಹ ಸೆಕೆಯ ನೆರಳಿನ ಬೆಳೆ. ನಮ್ಮಲ್ಲಿ ಕೋಡು ಒಡೆದು, ಬೀಜ ಹುಳಿಬರಿಸಿ, ಒಣಗಿಸಿದ್ದನ್ನು ಕಂಡವರಿಗೆ ಚಾಕೊಲೇಟಿನ ಮೊದಲ ಪಾಠ ಆಗಲೇ ಆಗಿದೆ. ಮುಂದಿನ ಪಾಠ ಬೇಕಿದ್ದರೆ ಕ್ಯಾಂಪ್ಕೊ ಸಂಸ್ಥೆ 1986ರಲ್ಲಿ ಆರಂಭಿಸಿದ ಕಾರ್ಖಾನೆ ಪುತ್ತೂರಿನಲ್ಲಿದೆ.

1905ರಲ್ಲಿ ಪ್ಯಾರಿಸಿನ ಪ್ರದರ್ಶನದಲ್ಲಿ ಫ್ಯುರ್ಸ್ಟನ ಉಂಡೆಗೆ ಚಿನ್ನದ ಪದಕ ಬಂತು. ಆದರೆ ಅವನು ಒಂದು ಕೆಲಸ ಮಾಡಿರಲಿಲ್ಲ. ತನ್ನ ಸಿಹಿಗಾಗಲಿ ಅದರ ಹೆಸರಿಗಾಗಲಿ ಕಾನೂನಿನ ರಕ್ಷಣೆ ಪಡೆದಿರಲಿಲ್ಲ. ಊರಿನ ಇತರ ಮಿಠಾಯಿಗಾರರೂ ಅದನ್ನೇ ಮಾಡತೊಡಗಿದರು. ಮುಂದೆ ದೊಡ್ಡ ಕಾರ್ಖಾನೆಗಳೂ ಬಂದವು. ಊರಿನ ಅರಮನೆಯ ಹೆಸರನ್ನೇ ಹೊತ್ತ ಮಿರಾಬೆಲ್ ಎಂಬ ಕಂಪೆನಿಯ ಉಂಡೆ ಕೆಂಪು ಮತ್ತು ಚಿನ್ನದ ಬಣ್ಣದ ಹಾಳೆಯಲ್ಲಿ ದೇಶದೇಶಗಳಿಗೆ ಹೋಯಿತು. ಗಡಿಯಾಚೆ ಜರ್ಮನಿಯ ಬಾಡ್ ರೈಖೆನ್‌ಹಾಲ್ ಊರಿನ ರೇಬರ್ ಕಂಪೆನಿಯೂ ಮಾಡಿತು. ಅವರದಕ್ಕೆ ಒಂದು ಬದಿ ಚಪ್ಪಟೆ. ಆ ಗಡಿಯಾದರೂ ಮೊಜಾರ್ಟನ ಕಾಲದ್ದಲ್ಲ. ಆಗ ಸಾಲ್ಜ್‌ಬರ್ಗ್ ಆರ್ಚ್‌ಬಿಷಪ್ಪರೇ ಆಳುತ್ತಿದ್ದ ಪ್ರತ್ಯೇಕ ರಾಜ್ಯ. ಆಸ್ಟ್ರಿಯಾಕ್ಕೆ ಸೇರಿದ್ದು 1816ರಲ್ಲಿ. ಗೆರೆ ಸರಿದರೂ ಮಾತು, ತಿಂಡಿ ಎರಡೂ ಬದಿ ಉಳಿಯುತ್ತವೆಂಬುದು ಗಡಿನಾಡಿನವರಾದ ನಮಗೆ ಹೊಸದೇನಲ್ಲ.

ಎಲ್ಲರೂ ಮಾಡುವ ಉಂಡೆಯನ್ನು ‘ನನ್ನದು’ ಎಂದು ಹೇಳುವುದು ಹೇಗೆ? ಉಂಡೆಯನ್ನಾಗಲಿ ಮೊಜಾರ್ಟನ ಹೆಸರನ್ನಾಗಲಿ ಫ್ಯುರ್ಸ್ಟನ ಮನೆಯವರು ತಮ್ಮೊಬ್ಬರದೇ ಆಗಿ ಉಳಿಸಿಕೊಳ್ಳಲಾಗಲಿಲ್ಲ. ಉಳಿದದ್ದು ಒಂದು ವಿಶೇಷಣ ಮಾತ್ರ: ‘ಒರಿಜಿನಲ್’, ಅಂದರೆ ಮೂಲ. ಬೇರೊಂದು ಕಂಪೆನಿ ‘ಒರಿಜಿನಲ್ ಆಸ್ಟ್ರಿಯನ್’ ಎಂದು ಬರೆಯಹೊರಟಾಗ ನಡೆದ ವ್ಯಾಜ್ಯದಲ್ಲಿ 1996ರಲ್ಲಿ ತೀರ್ಪು ಇವರ ಕಡೆ ಆಯಿತು. ‘ಒರಿಜಿನಲ್ ಸಾಲ್ಜ್‌ಬರ್ಗಿನ ಉಂಡೆ’ ಎನ್ನುವ ಹಕ್ಕು ಇವರೊಬ್ಬರದೇ. ಮಿರಾಬೆಲ್ ಮತ್ತು ರೇಬರ್ ಕಂಪೆನಿಗಳು ‘ಎಖ್ಟೆ’ ಎಂಬ ಪದ ಹಿಡಿದುಕೊಂಡವು. ಅದರ ಅರ್ಥ ‘ಅಸಲಿ’. ಮೂಲವೂ ಅಸಲಿಯೂ ಒಂದೇ ಅಲ್ಲವೇ ಎಂದು ಕೇಳಬೇಡಿ. ವ್ಯಾಕರಣದ ತರಗತಿಯಲ್ಲಿ ನಾವು ಬೇಸರದಿಂದ ಓದುವ ವಿಶೇಷಣಕ್ಕೆ ಅಂಗಡಿಯಲ್ಲಿ ಇಷ್ಟು ಬೆಲೆಯಿದೆ.

ಯಾರ ಮನೆಗಾದರೂ ವಿದೇಶದಿಂದ ಬಂಧುಗಳು ಈ ಉಂಡೆ ತಂದರೆ ಮೊದಲು ಹಾಳೆಯ ಬಣ್ಣ ನೋಡಿ. ನೀಲಿಯೂ ಬೆಳ್ಳಿಯೂ ಇದ್ದರೆ ಮೆಲ್ಲನೆ ಬಿಡಿಸಿ, ಉಂಡೆಯನ್ನು ಬೆಳಕಿಗೆ ಹಿಡಿದು ತಿರುಗಿಸಿರಿ. ಕಡ್ಡಿ ಇದ್ದ ಜಾಗವನ್ನು ಮುಚ್ಚಿದ ಗುರುತು ಒಂದು ಕಡೆ ಸಿಕ್ಕೀತು.