ಹರ್ನಿಯಾ: ಬೆಲ್ಟ್ ಕಟ್ಟಿಕೊಂಡು ಎಷ್ಟು ದಿನ?

ಮುಂಬೈಯ ಧಾರಾವಿಯ ಕನ್ನಡಿಗರಿಂದ ಈ ಸಲ ಒಂದೇ ತೊಂದರೆಯ ಬಗ್ಗೆ ನಾಲ್ಕು ಪತ್ರಗಳು ಬಂದಿವೆ. ಹೆಸರು ಹಾಕಬೇಡಿ ಎಂದು ಎಲ್ಲರೂ ಕೇಳಿಕೊಂಡಿದ್ದಾರೆ, ಹಾಕಿಲ್ಲ.

ಪ್ರಶ್ನೆ: ನನಗೆ 46 ವರ್ಷ, ಊರು ಕಲಬುರಗಿ ಕಡೆ. ತೇರಾ ಕಂಪೌಂಡಿನಲ್ಲಿ ಪ್ಲಾಸ್ಟಿಕ್ ಭಂಗಾರದ (ಗುಜರಿಯ) ಮೂಟೆ ಹೊರುತ್ತೇನೆ. ಮೂರು ವರ್ಷದಿಂದ ಬಲ ತೊಡೆಸಂದಿನಲ್ಲಿ ಗಂಟು. ಮಲಗಿದರೆ ಇಲ್ಲ, ಕೆಮ್ಮಿದರೆ ಹೊರಗೆ. ಈಗೀಗ ಬೀಜದ ಚೀಲದ ತನಕ ಇಳಿಯುತ್ತದೆ, ಸಂಜೆಯಾದರೆ ಜಗ್ಗಿದಂತೆ ನೋವು. ಊರಲ್ಲಿ ಅಂಡವಾಯು ಎಂದು ಔಷಧಿ ಕೊಟ್ಟರು. ಬೆಲ್ಟ್ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದೇನೆ. ದೀಪಾವಳಿ ಆದ ಮೇಲೆ ಮಗಳ ಮದುವೆ. ಅಲ್ಲಿಯವರೆಗೆ ತಡೆಯಬಹುದೇ ಡಾಕ್ಟ್ರೇ?

ಉತ್ತರ: ನೀವು ಬರೆದಿರುವ ಲಕ್ಷಣ ಹರ್ನಿಯಾದ್ದು. ಗಂಡುಮಗು ತಾಯಿಯ ಹೊಟ್ಟೆಯಲ್ಲಿರುವಾಗ ಬೀಜಗಳು ತೊಡೆಸಂದಿನ ದಾರಿಯಾಗಿ ಕೆಳಗಿಳಿಯುತ್ತವೆ. ಹೊಟ್ಟೆಯ ಗೋಡೆಯಲ್ಲಿ ಆ ಜಾಗ ಗಂಡಸರಿಗೆ ಕೊನೆಯವರೆಗೂ ಸಡಿಲವೇ. ಸುಮಾರು ನಾಲ್ವರು ಗಂಡಸರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಎಂದಾದರೂ ಇದು ಬರುತ್ತದೆ, ಆದ್ದರಿಂದ ನಾಚಿಕೆಪಡುವಂಥದ್ದು ಏನೂ ಇಲ್ಲ. ನೀವು ಹೊರುವ ಮೂಟೆಯ ಹೊಲಿಗೆ ಬಿಟ್ಟಲ್ಲಿ ಒಳಗಿನ ಮಾಲು ಉಬ್ಬಿ ಬರುವ ಹಾಗೆ ಇಲ್ಲಿ ಕರುಳು ಉಬ್ಬಿ ಬರುತ್ತದೆ. ಯಾವ ಗುಳಿಗೆಯೂ ಲೇಪವೂ ಆ ಕಿಂಡಿಯನ್ನು ಮುಚ್ಚುವುದಿಲ್ಲ. ಬೆಲ್ಟ್ ಕೂಡ ಮುಚ್ಚುವುದಿಲ್ಲ, ಒತ್ತಿ ಹಿಡಿಯುತ್ತದೆ ಅಷ್ಟೆ. ಕರುಳು ಹೊರಗಿರುವಾಗಲೇ ಬಿಗಿದರೆ ಕರುಳನ್ನೇ ಅಮುಕುತ್ತದೆ.

ಎಲ್ಲ ಹರ್ನಿಯಾಕ್ಕೂ ತಕ್ಷಣ ಆಪರೇಷನ್ ಬೇಕೆಂದು ನಾನು ಹೇಳುವುದಿಲ್ಲ. ನೋವೇ ಇಲ್ಲದ ಅಥವಾ ಅಲ್ಪ ನೋವಿನ ಗಂಡಸರ ಬಗ್ಗೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಆಪರೇಷನ್ ಮಾಡಿಸದೆ ಕಾದವರಲ್ಲಿ ಕರುಳು ಸಿಕ್ಕಿಕೊಂಡು ಗಂಡಾಂತರಕ್ಕೆ ಸಿಕ್ಕಿದವರು ಸಾವಿರಕ್ಕೆ ವರ್ಷಕ್ಕೆ ಇಬ್ಬರಿಗಿಂತ ಕಡಿಮೆ. ಆದರೆ ಹತ್ತು ವರ್ಷ ಕಳೆಯುವುದರೊಳಗೆ ಅವರಲ್ಲಿ ಮೂರನೇ ಎರಡರಷ್ಟು ಜನ, ಹೆಚ್ಚಾಗಿ ನೋವು ತಾಳಲಾರದೆ, ಆಪರೇಷನ್‌ಗೆ ಬಂದರು. ನಿಮ್ಮದು ದೊಡ್ಡದಾಗುತ್ತಿದೆ, ನೋಯುತ್ತಿದೆ, ಕೆಲಸವೂ ಭಾರದ್ದು. ಮದುವೆಯ ನಂತರಕ್ಕೆ ತಳ್ಳಬೇಡಿ, ಮೊದಲೇ ಮುಗಿಸಿ. ಆಪರೇಷನ್ ಆದ ದಿನವೋ ಮರುದಿನವೋ ಓಡಾಡುತ್ತೀರಿ. ಒಂದೆರಡು ವಾರಕ್ಕೆ ಹಗುರ ಕೆಲಸ ಆಗುತ್ತದೆ. ಮೂಟೆ ಮಾತ್ರ ನಾಲ್ಕರಿಂದ ಆರು ವಾರ ಬೇಡ. ಆ ಕೂಲಿ ಹೋಗುವುದು ಸಣ್ಣ ಮಾತಲ್ಲ, ಬಲ್ಲೆ. ಸಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆ ಪಾಲಿಕೆಯದು, ನಿಮಗೆ ಹತ್ತಿರದ್ದು. ರೇಷನ್ ಕಾರ್ಡು, ಆಧಾರ್ ಹಿಡಿದುಕೊಂಡು ಶಸ್ತ್ರಚಿಕಿತ್ಸೆಯ ಓಪಿಡಿಗೆ ಹೋಗಿ. ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಿಂದ ಏನು ಸಿಗುತ್ತದೆಂದು ಆಸ್ಪತ್ರೆಯಲ್ಲಿರುವ ಆ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಕೇಳಿ. ಬೀಡಿ ಸೇದುವವರಾದರೆ ಇಂದೇ ಬಿಡಿ. ಕೆಮ್ಮು ಹೊಲಿಗೆಗೆ ಶತ್ರು, ಹೊಗೆ ಗಾಯ ಮಾಯಲು ಬಿಡುವುದಿಲ್ಲ.

ಪ್ರಶ್ನೆ: ನಮ್ಮ ಅಪ್ಪನಿಗೆ 68. ನೈಂಟಿ ಫೀಟ್ ರೋಡ್ ಹಿಂದಿನ ಗಲ್ಲಿಯಲ್ಲಿ ಮಾಳಿಗೆ ಮೇಲೆ ಇದ್ದೇವೆ. ಹಳೇ ಹರ್ನಿಯಾ ಇತ್ತು. ಕಳೆದ ವಾರ ರಾತ್ರಿ ಗಂಟು ಕಲ್ಲಿನಂತಾಗಿ ಒಳಗೆ ಹೋಗಲೇ ಇಲ್ಲ, ಎರಡು ಸಲ ವಾಂತಿಯಾಯಿತು. ಹತ್ತಿರದ ಡಾಕ್ಟರು ಬಹಳ ಹೊತ್ತು ಒತ್ತಿ ಒಳಗೆ ಕಳಿಸಿದರು, ನೋವಿನ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರು. ಈಗ ಆರಾಮ ಇದ್ದಾರೆ. ಇನ್ನೇನಾದರೂ ಮಾಡಿಸಬೇಕೇ?

ಉತ್ತರ: ಈ ಪತ್ರ ಓದಿ ಕೈಯಲ್ಲಿದ್ದ ಕೆಲಸ ಬಿಟ್ಟು ಮೊದಲು ನಿಮಗೇ ಉತ್ತರ ಬರೆದೆ. ಇದನ್ನು ಓದಿದ ದಿನವೇ ಅಪ್ಪನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.

ಹೊರಬಂದ ಕರುಳು ಕಿಂಡಿಯ ಕತ್ತಿನಲ್ಲಿ ಸಿಕ್ಕಿಕೊಂಡಾಗ ಮೊದಲು ಮಲ, ಗಾಳಿ ಮುಂದೆ ಸಾಗುವುದಿಲ್ಲ. ಹೊಟ್ಟೆ ಉಬ್ಬುತ್ತದೆ, ವಾಂತಿಯಾಗುತ್ತದೆ. ಬಿಗಿತ ಹೆಚ್ಚಿದಂತೆ ರಕ್ತ ಹಿಂದಿರುಗುವ ನಾಳ ಮುಚ್ಚುತ್ತದೆ, ಕರುಳು ಊದುತ್ತದೆ, ಊದಿದಷ್ಟೂ ಬಿಗಿತ ಹೆಚ್ಚುತ್ತದೆ. ಕೊನೆಗೆ ಶುದ್ಧ ರಕ್ತವೂ ನಿಲ್ಲುತ್ತದೆ. ಕೆಂಪಗಿದ್ದ ಕರುಳು ಕೆಲವೇ ಗಂಟೆಗಳಲ್ಲಿ ನೀಲಿಗಟ್ಟಿ ಕಪ್ಪಾಗುತ್ತದೆ. ಆಗ ಸತ್ತ ಭಾಗವನ್ನು ಕತ್ತರಿಸಿ ಜೋಡಿಸಬೇಕು. ಕರುಳು ಬದುಕಿದ್ದಾಗ ಅರ್ಧ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸ ಪ್ರಾಣಕ್ಕೆ ಸಂಚಕಾರ ತರುವ ದೊಡ್ಡ ಆಪರೇಷನ್ ಆಗುತ್ತದೆ.

ಬಲವಂತವಾಗಿ ಒತ್ತಿದ್ದೇ ನನಗೆ ಹೆಚ್ಚು ಚಿಂತೆ. ಹಾಳಾದ ಕರುಳು ಹೊಟ್ಟೆಯೊಳಗೆ ಹೋಗಿರಬಹುದು. ಇಲ್ಲವೇ ಬಿಗಿದ ಕುಣಿಕೆಯ ಸಮೇತ ಇಡೀ ಗಂಟೇ ಒಳಗೆ ಸರಿದು, ಹೊರಗೆ ಏನೂ ಕಾಣದೆ ಒಳಗೆ ಕತ್ತು ಹಿಸುಕುತ್ತಲೇ ಇರಬಹುದು. ಒಂದು ವಾರ ಆರಾಮಾಗಿದ್ದಾರೆ ಎಂದರೆ ಬಹುಶಃ ಅಪಾಯ ತಪ್ಪಿದೆ, ಆದರೆ ಒಮ್ಮೆ ಸಿಕ್ಕಿಕೊಂಡದ್ದು ಮತ್ತೆ ಸಿಕ್ಕಿಕೊಳ್ಳಬಹುದು. ಪರೀಕ್ಷೆ ಮಾಡಿಸಿ ಬೇಗನೆ ದಿನ ಗೊತ್ತುಮಾಡಿ. ಮೂತ್ರಕ್ಕೆ ತಿಣುಕಬೇಕಾಗುತ್ತದೆಯೇ ಎಂದು ಅಪ್ಪನನ್ನು ಕೇಳಿ, ಕೆಮ್ಮಿನಂತೆ ತಿಣುಕುವುದೂ ಹೊಲಿಗೆಗೆ ಶತ್ರು. ಪ್ರೊಸ್ಟೇಟ್ ತೊಂದರೆ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು.

ಅಷ್ಟರೊಳಗೆ ಗಂಟು ಮತ್ತೆ ಗಟ್ಟಿಯಾಗಿ ನೋಯತೊಡಗಿದರೆ, ಚರ್ಮ ಕೆಂಪಾದರೆ, ವಾಂತಿಯಾದರೆ ಬೆಳಗಾಗಲಿ ಎಂದು ಕಾಯಬೇಡಿ. ಒತ್ತಬೇಡಿ, ಚಹಾ ನೀರು ಕೊಡಬೇಡಿ, ಭೇದಿಗುಳಿಗೆ ಕೊಡಲೇಬೇಡಿ. 108ಕ್ಕೆ ಫೋನ್ ಮಾಡಿ. ನಿಮ್ಮ ಗಲ್ಲಿಗೆ ಆಂಬ್ಯುಲೆನ್ಸ್ ಬಾರದು. ಮಾಳಿಗೆಯ ಕಡಿದಾದ ಏಣಿಯಿಂದ ಅವರನ್ನು ಇಳಿಸಿ ಮುಖ್ಯರಸ್ತೆಗೆ ತರಲು ಯಾರು ಯಾರು ಕೈಜೋಡಿಸುತ್ತಾರೆಂದು ನೆರೆಯವರೊಡನೆ ಈಗಲೇ ಮಾತಾಡಿಟ್ಟುಕೊಳ್ಳಿ.

ಪ್ರಶ್ನೆ: ವಯಸ್ಸು 27, ಟೇಲರಿಂಗ್ ಕೆಲಸ. ಮದುವೆಯಾಗಿ ಆರು ತಿಂಗಳು. ಹರ್ನಿಯಾಕ್ಕೆ ಜಾಳಿ (ಮೆಶ್) ಹಾಕಬೇಕು ಎಂದಿದ್ದಾರೆ. ಗಂಡಸ್ತನ ಹೋಗುತ್ತದೆ, ಮಕ್ಕಳಾಗುವುದಿಲ್ಲ ಎಂದು ಜೊತೆಯವರು ಹೆದರಿಸುತ್ತಿದ್ದಾರೆ. ಜಾಳಿ ಇಲ್ಲದೆ ಆಗುವುದಿಲ್ಲವೇ?

ಉತ್ತರ: ಗಂಡಸ್ತನಕ್ಕೆ ಏನೂ ಆಗುವುದಿಲ್ಲ. ವೀರ್ಯನಾಳ, ಬೀಜಕ್ಕೆ ಹೋಗುವ ರಕ್ತನಾಳ ಅದೇ ದಾರಿಯಲ್ಲಿ ಇರುವುದು ನಿಜ, ಸರ್ಜನ್ ಅವನ್ನು ಜೋಪಾನವಾಗಿ ಪಕ್ಕಕ್ಕೆ ಸರಿಸಿ ಕೆಲಸ ಮಾಡುತ್ತಾರೆ. ಬೀಜಕ್ಕೆ ರಕ್ತ ಕಡಿಮೆಯಾಗಿ ಅದು ಕುಗ್ಗುವುದು ಅಪರೂಪ. ಹಾಗಾದರೂ ಇನ್ನೊಂದು ಬೀಜ ಇರುತ್ತದೆ.

ಮೊದಲು ಸ್ನಾಯುಗಳನ್ನೇ ಎಳೆದು ಹೊಲಿಯುತ್ತಿದ್ದರು. ಇಟಲಿಯ ಬಾಸ್ಸಿನಿ 19ನೇ ಶತಮಾನದ ಕೊನೆಯಲ್ಲಿ ತೋರಿಸಿದ ಆ ವಿಧಾನ ಸುಮಾರು ನೂರು ವರ್ಷ ನಡೆಯಿತು, ಎಳೆತದಿಂದ ಹರ್ನಿಯಾ ಮರುಕಳಿಸುವುದೂ ನಡೆಯಿತು. ಎಳೆಯದೆ ಜಾಳಿ ಹಾಸುವುದನ್ನು ಅಮೆರಿಕದ ಲಿಕ್ಟನ್‌ಸ್ಟೈನ್ 1980ರ ದಶಕದಲ್ಲಿ ರೂಢಿಗೆ ತಂದ ಮೇಲೆ ಮರುಕಳಿಕೆ ಬಹಳ ಇಳಿಯಿತು. ಜಾಳಿ ಇಲ್ಲದ ವಿಧಾನಗಳೂ ಇವೆ, ಪುಣೆಯ ಡಾ. ದೇಸರ್ಡಾ ಅವರದು ಅದರಲ್ಲೊಂದು. ಬೆಲೆಯ ಚಿಂತೆ ಇದ್ದರೆ ಮಹಾರಾಷ್ಟ್ರದವರೇ ಮಾಡಿದ ಇನ್ನೊಂದು ಕೆಲಸ ಹೇಳುತ್ತೇನೆ. ಧುಳೆ ಜಿಲ್ಲೆಯ ದೊಂಡಾಯಿಚಾದ ಡಾ. ಟೋಂಗಾಂವಕರ್ ಸೊಳ್ಳೆಪರದೆಯ ಬಟ್ಟೆಯನ್ನು ಕ್ರಿಮಿಶುದ್ಧಗೊಳಿಸಿ ಜಾಳಿಯಾಗಿ ಬಳಸಿದರು, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಂಥದೇ ಅಗ್ಗದ ಜಾಳಿಯನ್ನು ಉಗಾಂಡಾದಲ್ಲಿ ದುಬಾರಿ ಜಾಳಿಯೊಡನೆ ಹೋಲಿಸಿ ನೋಡಿದಾಗ ಒಂದು ವರ್ಷದ ನಂತರ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2016ರಲ್ಲಿ ಅದೂ ಪ್ರಕಟವಾಯಿತು. ಒಂದೇ ಕಡೆ ಮೊದಲ ಸಲ ಬಂದ ಹರ್ನಿಯಾಕ್ಕೆ ತೆರೆದ ಆಪರೇಷನ್ ಚೆನ್ನಾಗಿಯೇ ಆಗುತ್ತದೆ. ದೂರ್ಬೀನಿನ (ಲ್ಯಾಪರೊಸ್ಕೋಪಿ) ಆಪರೇಷನ್ನೇ ಬೇಕೆಂದು ಸಾಲ ಮಾಡಬೇಡಿ.

ಪ್ರಶ್ನೆ: ಆಪರೇಷನ್ ಆಗಿ ಎಂಟು ತಿಂಗಳು. ಇನ್ನೂ ತೊಡೆಸಂದು ಜೋಮು ಹಿಡಿದಂತೆ, ಒಮ್ಮೊಮ್ಮೆ ಉರಿ. ಜಾಳಿ ತೆಗೆಸಬೇಕೇ?

ಉತ್ತರ: ಅವಸರ ಬೇಡ. ಅಲ್ಲಿ ಹಾದುಹೋಗುವ ಸಣ್ಣ ನರಗಳಿಗೆ ಪೆಟ್ಟಾದರೆ ಅಥವಾ ಅವು ಕಲೆಗಟ್ಟಿದ ಮಾಂಸದಲ್ಲಿ ಸಿಕ್ಕಿಕೊಂಡರೆ ಹೀಗಾಗುತ್ತದೆ. ಸುಮಾರು ಹತ್ತರಲ್ಲಿ ಒಬ್ಬರಿಗೆ ಮೂರು ತಿಂಗಳು ಮೀರಿ ನೋವು ಉಳಿಯುತ್ತದೆ, ಹಲವರಿಗೆ ಕಾಲಕ್ರಮೇಣ ತಗ್ಗುತ್ತದೆ. ಜೋಮು ಮಾತ್ರ ಇದ್ದರೆ ಬಿಟ್ಟುಬಿಡಿ. ಉರಿ ನಿದ್ದೆ ಕೆಡಿಸುವಷ್ಟಿದ್ದರೆ ಆಪರೇಷನ್ ಮಾಡಿದವರ ಬಳಿಗೇ ಹೋಗಿ. ನರದ ನೋವಿಗೆ ಬೇರೆ ಗುಳಿಗೆ, ನರವನ್ನು ಮರಗಟ್ಟಿಸುವ ಇಂಜೆಕ್ಷನ್ ಇವೆ. ಹೊಸದಾಗಿ ಗಂಟು ಕಂಡರೆ, ಕೀವು ಒಸರಿದರೆ ಅಥವಾ ಜ್ವರ ಬಂದರೆ ಆ ವಾರವೇ ತೋರಿಸಿ.