ಫೋನ್ ತಂತಿಯ ಇಂಟರ್ನೆಟ್: ಪ್ಲ್ಯಾನ್ ಬದಲಿಸುವ ಮೊದಲು ಮನೆಯ ವೈರು ನೋಡಿ

ನೆಟ್ ನಿಧಾನವಾಯಿತೆಂದರೆ ನಮ್ಮ ಜನ ಮಾಡುವುದು ಎರಡೇ ಕೆಲಸ. ಒಂದೋ ದುಬಾರಿ ಪ್ಲ್ಯಾನ್ ತೆಗೆದುಕೊಳ್ಳುತ್ತಾರೆ, ಇಲ್ಲವೇ ನಾಲ್ಕು ಆಂಟೆನಾದ ಹೊಸ ರೂಟರ್ ತಂದು ಟಿವಿ ಪಕ್ಕ ಇಡುತ್ತಾರೆ. ಲ್ಯಾಂಡ್‌ಲೈನ್‌ನ ತಾಮ್ರದ ತಂತಿಯಲ್ಲಿ ಇಂಟರ್ನೆಟ್ ಬರುವ ಮನೆಗಳಲ್ಲಿ ಇವೆರಡೂ ಬಹುತೇಕ ದಂಡದ ಖರ್ಚು. ತಂತಿ ಹೊತ್ತು ತರುವುದೇ 4 ಎಂಬಿಪಿಎಸ್ ಆದರೆ, 10ರ ಪ್ಲ್ಯಾನ್‌ಗೆ ದುಡ್ಡು ಕಟ್ಟಿದರೂ ಸಿಗುವುದು 4 ಮಾತ್ರ. ಅದು ಯಾಕೆ 4ಕ್ಕೆ ನಿಂತಿದೆ ಎಂದು ಮೊದಲು ಹುಡುಕಬೇಕು. ಎಷ್ಟೋ ಮನೆಗಳಲ್ಲಿ ಕಳ್ಳ ಕಂಬದ ಮೇಲಿರುವುದಿಲ್ಲ, ಗೋಡೆಯೊಳಗೇ ಇರುತ್ತಾನೆ.

ಮನೆ ಮುಂದೆಯೇ ಫೈಬರ್ ಬಂದಿದ್ದರೆ ಲೇಖನದ ಕೊನೆಯ ಭಾಗ ಓದಿದರೆ ಸಾಕು. ತೋಟದ ಮನೆ, ಹಳ್ಳಿಯ ಒಂಟಿ ಮನೆ, ಹಳೇ ಬಡಾವಣೆಯ ಹಿಂದಿನ ಬೀದಿಯವರು ಪೂರ್ತಿ ಓದಿ.

ಹಿನ್ನೆಲೆ, ಚುಟುಕಾಗಿ

ಮಾತು ಸಾಗಲು 300ರಿಂದ 3400 ಹರ್ಟ್ಸ್ ಸಾಕು. ಅದರ ಮೇಲೆ ತಂತಿಯಲ್ಲಿ ಖಾಲಿ ಉಳಿಯುವ ಜಾಗವನ್ನು ಡಿಎಸ್‌ಎಲ್ ಬಳಸುತ್ತದೆ. ಬಿಎಸ್ಸೆನ್ನೆಲ್ 2005ರಲ್ಲಿ ಬ್ರಾಡ್‌ಬ್ಯಾಂಡ್ ಶುರು ಮಾಡಿದ್ದು ಈ ತಂತ್ರದ ಮೇಲೆಯೇ. ಎಡಿಎಸ್‌ಎಲ್2+ ಎಂಬ ಬಗೆ 2.2 ಮೆಗಾಹರ್ಟ್ಸ್‌ವರೆಗೆ ಏರುತ್ತದೆ, ಕಾಗದದ ಮೇಲೆ ಅದರ ಮಿತಿ 24 ಎಂಬಿಪಿಎಸ್. ಆದರೆ ಆವರ್ತನ ಏರಿದಂತೆ ಸಂಕೇತ ತಾಮ್ರದಲ್ಲಿ ಬೇಗ ಸೊರಗುತ್ತದೆ. ಹೀಗಾಗಿ ಎಕ್ಸ್‌ಚೇಂಜ್‌ನಿಂದ ಒಂದು ಕಿ.ಮೀ. ಒಳಗೆ 20ರ ಆಸುಪಾಸು, ಮೂರು ಕಿ.ಮೀ.ಗೆ ಸುಮಾರು 8, ಐದು ಕಿ.ಮೀ.ಗೆ 2 ಸಿಕ್ಕರೆ ಪುಣ್ಯ. ಈ ದೂರವನ್ನು ತಂತಿ ಹಾದುಬಂದ ದಾರಿಯಲ್ಲಿ ಅಳೆಯಬೇಕು. ಎಕ್ಸ್‌ಚೇಂಜ್ ಕಟ್ಟಡ ನಿಮ್ಮ ಮಹಡಿಯಿಂದ ಕಾಣುತ್ತದೆ ಎಂದ ಮಾತ್ರಕ್ಕೆ ತಂತಿ ನೇರವಾಗಿ ಬಂದಿದೆ ಎಂದುಕೊಳ್ಳಬೇಡಿ.

ಹಂತ 1: ಮೋಡೆಮ್ ಪುಟದ ಅಂಕಿಗಳು

ಕಂಪ್ಯೂಟರನ್ನು ವೈಫೈ ಬಿಟ್ಟು ಲ್ಯಾನ್ ಕೇಬಲ್‌ನಲ್ಲಿ ಮೋಡೆಮ್‌ಗೆ ಜೋಡಿಸಿ. ಬ್ರೌಸರ್‌ನಲ್ಲಿ 192.168.1.1 ಎಂದು ಹೊಡೆದು ಒಳಹೋಗಿ. ಸ್ಟೇಟಸ್ ಅಥವಾ ಡಿಎಸ್‌ಎಲ್ ಎಂಬ ಪುಟದಲ್ಲಿ ನಾಲ್ಕು ಸಂಗತಿ ನೋಡಿ.

ಡೌನ್‌ಸ್ಟ್ರೀಮ್ ರೇಟ್: ಮೋಡೆಮ್‌ಗೂ ಎಕ್ಸ್‌ಚೇಂಜ್‌ಗೂ ನಡುವೆ ಕುದುರಿದ ವೇಗ. ಸ್ಪೀಡ್ ಟೆಸ್ಟ್‌ನಲ್ಲಿ ಇದಕ್ಕಿಂತ ಶೇ 10–15ರಷ್ಟು ಕಡಿಮೆ ತೋರಿಸುವುದು ಸಹಜ, ಅದಕ್ಕಾಗಿ ಜಗಳ ಬೇಡ.

ಅಟೆನ್ಯುಯೇಷನ್: ದಾರಿಯಲ್ಲಿ ಸಂಕೇತ ಎಷ್ಟು ಸೊರಗಿದೆ ಎಂಬ ಲೆಕ್ಕ. 20 ಡಿಬಿ ಒಳಗಿದ್ದರೆ ಎಕ್ಸ್‌ಚೇಂಜ್ ಹತ್ತಿರವಿದೆ. 40 ಎಂದರೆ ಮೂರು ಕಿ.ಮೀ. ಆಸುಪಾಸು. 60 ದಾಟಿದ್ದರೆ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ.

ಎಸ್ಸೆನ್ನಾರ್ ಮಾರ್ಜಿನ್: ಗದ್ದಲದ ಮೇಲೆ ಸಂಕೇತಕ್ಕೆ ಉಳಿದಿರುವ ಉಸಿರಾಟದ ಜಾಗ. 6 ಡಿಬಿಗಿಂತ ಕೆಳಗಿಳಿದರೆ ಸಂಪರ್ಕ ಪದೇ ಪದೇ ಕಡಿಯುತ್ತದೆ. 10ರ ಮೇಲಿದ್ದರೆ ನೆಮ್ಮದಿ. 20ಕ್ಕೂ ಮೇಲಿದ್ದು ವೇಗ ಮಾತ್ರ ಕಡಿಮೆ ಇದ್ದರೆ ತಂತಿಯ ತಪ್ಪಿಲ್ಲ, ಎಕ್ಸ್‌ಚೇಂಜ್‌ನಲ್ಲಿ ನಿಮ್ಮ ಪೋರ್ಟ್‌ಗೆ ಕಡಿಮೆ ವೇಗದ ಪ್ರೊಫೈಲ್ ಹಾಕಿರುತ್ತಾರೆ. ಪ್ಲ್ಯಾನ್ ಅಥವಾ ಪ್ರೊಫೈಲ್ ಬದಲಿಸಿದರೆ ಲಾಭವಾಗುವುದು ಇಂಥ ಮನೆಗಳಿಗೆ ಮಾತ್ರ.

ಸಿಆರ್‌ಸಿ ಎರರ್: ಇದು ನಿಮಿಷ ನಿಮಿಷಕ್ಕೂ ಏರುತ್ತಿದ್ದರೆ ಎಲ್ಲೋ ಜಾಯಿಂಟ್ ಕೆಟ್ಟಿದೆ.

ಮಧ್ಯಾಹ್ನ ಒಮ್ಮೆ, ರಾತ್ರಿ ಒಂಬತ್ತರ ಹೊತ್ತಿಗೆ ಇನ್ನೊಮ್ಮೆ ಈ ಪುಟದ ಫೋಟೊ ತೆಗೆದಿಡಿ. ಮುಂದಿನ ಹಂತಗಳಲ್ಲಿ ಬೇಕಾಗುತ್ತದೆ.

ಹಂತ 2: ರಿಸೀವರ್ ಎತ್ತಿ ಕೇಳಿ

ಫೋನ್ ಎತ್ತಿ ಯಾವುದಾದರೂ ಒಂದು ಅಂಕಿ ಒತ್ತಿ. ಡಯಲ್ ಟೋನ್ ನಿಂತು ಕೆಲವು ಕ್ಷಣ ಲೈನ್ ಮೌನವಾಗುತ್ತದೆ. ಆ ಮೌನದಲ್ಲಿ ಕರಕರ ಸದ್ದು ಬಂದರೆ ಎಲ್ಲೋ ನೀರು ಹೊಕ್ಕಿದೆ ಅಥವಾ ತುದಿಗೆ ಹಸಿರು ಕಿಲುಬು ಹಿಡಿದಿದೆ. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೇಳಿಬರುವ ದೂರುಗಳ ಮೂಲ ಹೆಚ್ಚಾಗಿ ಇದೇ.

ಸೆಕೆಂಡಿಗೊಂದರಂತೆ ಟಕ್ ಟಕ್ ಎನ್ನುತ್ತಿದ್ದರೆ ತೋಟದ ಐಬೆಕ್ಸ್ ಬೇಲಿ (ವಿದ್ಯುತ್ ಬೇಲಿ) ನೋಡಿ. ಬೇಲಿಯ ತಂತಿಗೆ ಕಳೆ, ಬಳ್ಳಿ ತಾಗಿ ಕರೆಂಟ್ ಸೋರುತ್ತಿರುತ್ತದೆ, ಇಲ್ಲವೇ ಬೇಲಿ ಫೋನ್ ತಂತಿಯ ಜೊತೆ ದೂರದವರೆಗೆ ಸಾಲಾಗಿ ಓಡುತ್ತಿರುತ್ತದೆ. ಕಳೆ ಸವರಿಸಿ, ಅರ್ಥಿಂಗ್ ಸರಿ ಮಾಡಿಸಿ. ಬೇಲಿ ನಿಮ್ಮದೇ ಆಗಬೇಕೆಂದಿಲ್ಲ, ಪಕ್ಕದ ತೋಟದ್ದೂ ಇರಬಹುದು.

ಫೋನ್ ಪೂರ್ತಿ ಸತ್ತಿದ್ದರೂ ನೆಟ್ ಕುಂಟುತ್ತಾ ಬರುತ್ತಿದೆಯೇ? ಜೋಡಿ ತಂತಿಯಲ್ಲಿ ಒಂದು ಎಳೆ ತುಂಡಾಗಿರುವ ಸಾಧ್ಯತೆ ಹೆಚ್ಚು. ನೆಟ್ ಬರುತ್ತಿದೆಯಲ್ಲ ಎಂದು ಸುಮ್ಮನಿರಬೇಡಿ, ಫೋನ್ ಕೆಟ್ಟಿದೆ ಎಂದೇ ದೂರು ಕೊಡಿ.

ಹಂತ 3: ಸ್ಪ್ಲಿಟರ್ ಎಲ್ಲಿದೆ? (ತಪ್ಪಾಗುವುದು ಇಲ್ಲೇ)

ಈ ಒಂದು ಹಂತಕ್ಕಾಗಿಯೇ ಲೇಖನ ಬರೆದೆ ಎಂದರೂ ನಡೆಯುತ್ತದೆ. ಮೋಡೆಮ್ ಜೊತೆ ಸಣ್ಣದೊಂದು ಡಬ್ಬಿ ಕೊಟ್ಟಿರುತ್ತಾರೆ, ಅದೇ ಸ್ಪ್ಲಿಟರ್. ಅದಕ್ಕೆ ಮೂರು ತೂತು: ಲೈನ್, ಫೋನ್, ಮೋಡೆಮ್. ಮಾತನ್ನೂ ಡೇಟಾವನ್ನೂ ಬೇರ್ಪಡಿಸುವುದು ಇದರ ಕೆಲಸ. ಬಹುತೇಕ ಮನೆಗಳಲ್ಲಿ ಸ್ಪ್ಲಿಟರ್ ಇರುತ್ತದೆ, ಆದರೆ ತಪ್ಪು ಜಾಗದಲ್ಲಿ.

ನಡೆಯುವುದು ಹೀಗೆ. ಕಂಬದಿಂದ ಬಂದ ವೈರು ಜಗಲಿಯ ರೋಸೆಟ್ ಬಾಕ್ಸ್‌ಗೆ ಬರುತ್ತದೆ. ಅಲ್ಲಿಂದ ಒಂದು ಕವಲು ಅಡುಗೆಮನೆಗೆ, ಇನ್ನೊಂದು ಮಹಡಿಗೆ, ಮತ್ತೊಂದು ಅಜ್ಜನ ಕೋಣೆಗೆ. ಇವೆಲ್ಲ ಲ್ಯಾಂಡ್‌ಲೈನ್ ರಾಜನಾಗಿದ್ದ ಕಾಲದ ಪ್ಯಾರಲಲ್ ಫೋನುಗಳು. ಮೋಡೆಮ್ ಮಾತ್ರ ಮಹಡಿಯಲ್ಲಿ, ಅದರ ಪಕ್ಕದಲ್ಲೇ ಸ್ಪ್ಲಿಟರ್. ಮಹಡಿಯ ಫೋನ್ ಸ್ಪ್ಲಿಟರ್ ಹಿಂದಿದೆ, ಸರಿ. ಅಡುಗೆಮನೆ ಮತ್ತು ಅಜ್ಜನ ಕೋಣೆಯ ಫೋನುಗಳು ಸ್ಪ್ಲಿಟರ್ ದಾಟದೆ ನೇರವಾಗಿ ಲೈನಿಗೇ ತಗುಲಿಕೊಂಡಿವೆ. ಯಾರಾದರೂ ಫೋನ್ ಎತ್ತಿದ ಕೂಡಲೇ ನೆಟ್ ಕಡಿಯುತ್ತದೆ ಎಂಬ ಮನೆಗಳ ಕತೆ ಇದೇ.

‘ಆ ಫೋನುಗಳನ್ನು ಕಿತ್ತು ಎಷ್ಟೋ ವರ್ಷವಾಯಿತು’ ಎಂದು ಹೇಳುವವರಿದ್ದಾರೆ. ಫೋನ್ ಹೋಗಿದೆ, ವೈರು ಹೋಗಿಲ್ಲ. ತುದಿ ತೆರೆದ ಆ ಕವಲೇ ಅಪಾಯಕಾರಿ. ಸಂಕೇತ ಆ ಕವಲಿಗೂ ಹೊಕ್ಕು, ತುದಿಯಲ್ಲಿ ದಾರಿ ಇಲ್ಲದೆ ಬಾವಿಯಲ್ಲಿ ಕೂಗಿದ ಕೂಗಿನಂತೆ ತಿರುಗಿ ಬರುತ್ತದೆ. ಹಾಗೆ ಬಂದದ್ದು ಕವಲಿನ ಉದ್ದಕ್ಕೆ ತಕ್ಕ ಒಂದು ಆವರ್ತನದಲ್ಲಿ ಮೂಲ ಸಂಕೇತವನ್ನೇ ಅಳಿಸಿಹಾಕುತ್ತದೆ. 50 ಮೀಟರ್ ಕವಲು ಸುಮಾರು 1 ಮೆಗಾಹರ್ಟ್ಸ್‌ನಲ್ಲಿ, 25 ಮೀಟರ್ ಕವಲು ಸುಮಾರು 2 ಮೆಗಾಹರ್ಟ್ಸ್‌ನಲ್ಲಿ ಹಳ್ಳ ತೋಡುತ್ತದೆ. ಎರಡೂ ಎಡಿಎಸ್‌ಎಲ್2+ ಓಡಾಡುವ ಜಾಗವೇ. ಹತ್ತು ಮೀಟರ್ ಕವಲಿನ ಹಳ್ಳ 5 ಮೆಗಾಹರ್ಟ್ಸ್‌ನಲ್ಲಿ ಬೀಳುವುದರಿಂದ ಎಡಿಎಸ್‌ಎಲ್‌ಗೆ ಹೆಚ್ಚು ಪೆಟ್ಟಿಲ್ಲ. ಆದರೆ ನಾಳೆ ಇನ್ನೂ ಮೇಲಿನ ಆವರ್ತನ ಬಳಸುವ ವಿಡಿಎಸ್‌ಎಲ್ ಹಾಕಿಸಿದರೆ ಅದೂ ಕಾಡುತ್ತದೆ. ಮಾತಿಗೆ ಇದ್ಯಾವುದರಿಂದಲೂ ತೊಂದರೆ ಇಲ್ಲ. ಅದಕ್ಕೇ ಫೋನ್ ಚೆನ್ನಾಗಿದೆ, ಆದ್ದರಿಂದ ಲೈನ್ ಚೆನ್ನಾಗಿದೆ ಎಂಬ ತಪ್ಪು ತೀರ್ಮಾನ.

ಪರೀಕ್ಷೆ ಸುಲಭ. ರೋಸೆಟ್ ಬಾಕ್ಸ್‌ನಲ್ಲಿ ಒಳಗೆ ಹೋಗುವ ಎಲ್ಲ ವೈರುಗಳನ್ನೂ ಬಿಚ್ಚಿ. ಕಂಬದಿಂದ ಬಂದ ಜೋಡಿ ಮಾತ್ರ ಉಳಿಯಲಿ. ಅದಕ್ಕೆ ಒಂದು ಮೊಳದ ಹೊಸ ವೈರಿನಲ್ಲಿ ಮೋಡೆಮನ್ನು ನೇರವಾಗಿ ಜೋಡಿಸಿ, ಫೋನ್ ಬೇಡ, ಸ್ಪ್ಲಿಟರ್ ಕೂಡ ಬೇಡ. ಹತ್ತು ನಿಮಿಷ ಬಿಟ್ಟು ಹಂತ 1ರ ಅಂಕಿಗಳನ್ನು ಮತ್ತೆ ನೋಡಿ. ವೇಗವೋ ಎಸ್ಸೆನ್ನಾರೋ ಎದ್ದು ಕಾಣುವಷ್ಟು ಏರಿದ್ದರೆ ದೋಷ ನಿಮ್ಮ ಮನೆಯೊಳಗಿನದು, ಅದಕ್ಕೆ ಲೈನ್‌ಮ್ಯಾನ್ ಮೇಲೆ ರೇಗಿ ಫಲವಿಲ್ಲ. ಅಂಕಿ ಅಲ್ಲಾಡದಿದ್ದರೆ ದೋಷ ಹೊರಗಿನದು, ಹಂತ 5ಕ್ಕೆ ಹೋಗಿ.

ಎಚ್ಚರಿಕೆ: ಲೈನಿನಲ್ಲಿ ಸದಾ 48 ವೋಲ್ಟ್ ಇರುತ್ತದೆ. ಅದರಿಂದ ಜೀವಕ್ಕೆ ಅಪಾಯವಿಲ್ಲ. ಆದರೆ ನೀವು ಬರಿಗೈಯಲ್ಲಿ ಹಿಡಿದಿರುವಾಗಲೇ ರಿಂಗ್ ಬಂದರೆ 75 ವೋಲ್ಟ್‌ನಷ್ಟು ಎಸಿ ಹರಿದು ಕೈ ಝಲ್ ಎನ್ನುತ್ತದೆ. ಒದ್ದೆ ಕೈಯಲ್ಲಿ ಮುಟ್ಟಬೇಡಿ. ಏಣಿಯ ಮೇಲೆ ನಿಂತಂತೂ ಬೇಡ.

ಪರಿಹಾರವೂ ಅಷ್ಟೇ ಸರಳ. ಸ್ಪ್ಲಿಟರನ್ನು ಜಗಲಿಯ ರೋಸೆಟ್ ಬಾಕ್ಸ್ ಪಕ್ಕಕ್ಕೇ ತನ್ನಿ. ಎಲ್ಲ ಪ್ಯಾರಲಲ್ ಫೋನುಗಳೂ ಅದರ ‘ಫೋನ್’ ತೂತಿನಿಂದಲೇ ಹೊರಡಲಿ. ಬಳಸದ ಕವಲನ್ನು ತುದಿಯಲ್ಲಿ ಟೇಪ್ ಸುತ್ತಿ ಬಿಟ್ಟರೆ ಸಾಲದು, ಬುಡದಲ್ಲೇ ಕಳಚಬೇಕು. ಕಾಲರ್ ಐಡಿ ಯಂತ್ರ, ಫ್ಯಾಕ್ಸ್, ಫೋನಿಗೆ ಜೋಡಿಸಿದ ಕಳ್ಳರ ಅಲಾರಂ ಇವಕ್ಕೂ ಇದೇ ನಿಯಮ.

ಹಂತ 4: ಒಳಗಿನ ವೈರು

ಚಪ್ಪಟೆ ಫೋನ್ ವೈರಿನಲ್ಲಿ ಎಳೆಗಳು ಹೆಣೆದಿರುವುದಿಲ್ಲ, ಸಾಲಾಗಿ ಮಲಗಿರುತ್ತವೆ. ಉದ್ದವಾದಷ್ಟೂ ಅದು ಆಂಟೆನಾ ಆಗುತ್ತದೆ. ಎಡಿಎಸ್‌ಎಲ್2+ ಬಳಸುವ ಜಾಗದಲ್ಲೇ ಆಕಾಶವಾಣಿಯ ಮೀಡಿಯಂ ವೇವ್ ಕೂಡ ಇದೆ. ಬೆಂಗಳೂರು 612, ಧಾರವಾಡ 765 ಕಿಲೋಹರ್ಟ್ಸ್. ಪ್ರಸಾರ ಗೋಪುರ ಹತ್ತಿರವಿದ್ದರೆ ಈ ವೈರು ಅದನ್ನೂ ಹಿಡಿದು ಮೋಡೆಮ್‌ಗೆ ಉಣಿಸುತ್ತದೆ. ಲ್ಯಾನ್‌ಗೆ ಬಳಸುವ ಕ್ಯಾಟ್‌-5ಇ ಕೇಬಲ್‌ನ ಒಂದು ಜೋಡಿ ಎಳೆ ಸಾಕು, ಅವು ಹೆಣೆದಿರುತ್ತವೆ. ಒಂದೇ ಬಣ್ಣದ ಜೋಡಿ ಆರಿಸಿ: ನೀಲಿ ಮತ್ತು ನೀಲಿ-ಬಿಳಿ. ನೀಲಿಗೆ ಕಿತ್ತಳೆ ಜೋಡಿಸಿದರೆ ಹೆಣಿಗೆಯ ಲಾಭವೇ ಹೋಯಿತು.

ನನ್ನ ಸಲಹೆ: ಮೋಡೆಮನ್ನೇ ಜಗಲಿಗೆ ತನ್ನಿ, ಅಲ್ಲಿಂದ ಮಹಡಿಗೆ ಲ್ಯಾನ್ ಕೇಬಲ್ ಎಳೆಯಿರಿ. ಲ್ಯಾನ್ 100 ಮೀಟರ್‌ವರೆಗೆ ವೇಗ ಬಿಡುವುದಿಲ್ಲ, ಫೋನ್ ವೈರು ಮೀಟರ್ ಮೀಟರಿಗೂ ಬಿಡುತ್ತದೆ.

ಹಂತ 5: ಹೊರಗಿನ ದೋಷ

‘ನೆಟ್ ಸ್ಲೋ’ ಎಂದು ದೂರು ಬರೆಸಬೇಡಿ. ‘ಎಸ್ಸೆನ್ನಾರ್ 4, ಅಟೆನ್ಯುಯೇಷನ್ 45, ಎರರ್ ಏರುತ್ತಿದೆ, ಮನೆ ವೈರು ಬಿಚ್ಚಿ ನೋಡಿದ್ದೇನೆ’ ಎಂದು ಬರೆಸಿ, ದೂರಿನ ಸಂಖ್ಯೆ ಗುರುತಿಟ್ಟುಕೊಳ್ಳಿ. ಲೈನ್‌ಮ್ಯಾನ್ ಬಂದಾಗ ಕಂಬದ ಡಿಪಿ ಬಾಕ್ಸ್‌ನಲ್ಲಿ, ಆಮೇಲೆ ರಸ್ತೆಬದಿಯ ಪಿಲ್ಲರ್‌ನಲ್ಲಿ ಮೋಡೆಮ್ ಹಾಕಿ ನೋಡುವಂತೆ ಕೇಳಿ. ಅಂಕಿ ಎಲ್ಲಿಂದ ಎಲ್ಲಿಗೆ ಕುಸಿಯುತ್ತದೋ ದೋಷ ಅದರ ನಡುವೆ ಇದೆ. ಕಂಬದಿಂದ ಮನೆಗೆ ಬರುವ ಡ್ರಾಪ್ ವೈರಿನಲ್ಲಿ ನಡುನಡುವೆ ತಿರುಚಿ ಟೇಪ್ ಸುತ್ತಿದ ಜಾಯಿಂಟ್‌ಗಳಿದ್ದರೆ ವೈರನ್ನೇ ಪೂರ್ತಿ ಬದಲಿಸಲು ಹೇಳಿ. ಕೇಬಲ್‌ನಲ್ಲಿ ಖಾಲಿ ಇರುವ ಬೇರೆ ಪೇರ್‌ಗೆ ಬದಲಿಸಿದರೂ ಎಷ್ಟೋ ಸಲ ಸರಿಹೋಗುತ್ತದೆ. ಡಿಪಿ, ಪಿಲ್ಲರ್‌ಗಳನ್ನು ನೀವೇ ತೆರೆಯಬೇಡಿ, ಇನ್ನೊಬ್ಬರ ಲೈನ್ ಸತ್ತೀತು.

ಇದಕ್ಕಿಂತ ವೇಗ ಸಾಧ್ಯವೇ?

ಜಾಗ ಮುಗಿಯುತ್ತಿದೆ, ಚುಟುಕಾಗಿ ಹೇಳುತ್ತೇನೆ. ತಾಮ್ರದಲ್ಲೇ ಹೆಚ್ಚು ವೇಗ ಸಾಧ್ಯ, ಆದರೆ ತಂತಿ ಗಿಡ್ಡವಿರಬೇಕು. ವಿಡಿಎಸ್‌ಎಲ್2 ಮುನ್ನೂರು ಮೀಟರ್‌ನಲ್ಲಿ 100 ಎಂಬಿಪಿಎಸ್ ಹತ್ತಿರ ಕೊಡುತ್ತದೆ, ಒಂದೂವರೆ ಕಿ.ಮೀ. ದಾಟಿದರೆ ಎಡಿಎಸ್‌ಎಲ್2+ಗಿಂತ ಹೆಚ್ಚೇನೂ ಇಲ್ಲ. ಜರ್ಮನಿಯಲ್ಲಿರುವ ಮಗನ ಮನೆಗೆ ಫೋನ್ ತಂತಿಯಲ್ಲೇ 250 ಬರುತ್ತದೆ, ನಮಗೇಕಿಲ್ಲ ಎಂದು ಕೇಳುವವರಿದ್ದಾರೆ. ಅಲ್ಲಿ ಬೀದಿಯ ಪೆಟ್ಟಿಗೆವರೆಗೆ ಫೈಬರ್ ಬಂದಿರುತ್ತದೆ, ತಾಮ್ರ ಉಳಿದ ಕೆಲವು ನೂರು ಮೀಟರ್ ಮಾತ್ರ. ಅಕ್ಕಪಕ್ಕದ ಜೋಡಿಗಳ ಗದ್ದಲ ತೆಗೆಯುವ ವೆಕ್ಟರಿಂಗ್ ಕೂಡ ಅಲ್ಲಿದೆ. 2014ರಲ್ಲಿ ಅಂತಿಮವಾದ ಜಿ.ಫಾಸ್ಟ್ ನೂರು ಮೀಟರ್ ಒಳಗೆ ಗಿಗಾಬಿಟ್ ಮುಟ್ಟಬಲ್ಲದು. ಅದನ್ನು ಬೀದಿಗಿಳಿಸಿದ ಬ್ರಿಟನ್ ಕೂಡ ಈಗ ಮನೆವರೆಗಿನ ಫೈಬರ್‌ನತ್ತ ತಿರುಗಿದೆ. ಫೈಬರ್ ಬೀದಿಗೆ ಬಂದ ಮೇಲೆ ಮನೆಯೊಳಗೂ ಎಳೆಯುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಬಿಎಸ್ಸೆನ್ನೆಲ್ ಕೂಡ ಲ್ಯಾಂಡ್‌ಲೈನ್‌ಗಳನ್ನು ಫೈಬರ್‌ಗೆ ಬದಲಿಸುತ್ತಿದೆ; ಹಳೇ ನಂಬರ್ ಉಳಿಯುತ್ತದೆಯೇ ಎಂದು ಅರ್ಜಿ ಕೊಡುವಾಗಲೇ ಕೇಳಿ.

ಕೊನೆಗೆ ಎರಡು ಮಾತು. ತಾಮ್ರದ ಫೋನ್‌ಗೆ ಎಕ್ಸ್‌ಚೇಂಜ್‌ನಿಂದಲೇ ವಿದ್ಯುತ್ ಬರುತ್ತದೆ, ಫೈಬರ್‌ಗೆ ಮನೆಯ ಕರೆಂಟ್ ಬೇಕು. ಕರೆಂಟ್ ಕೈಕೊಡುವ ಊರಾದರೆ ಸಣ್ಣ ಯುಪಿಎಸ್ ಇರಲಿ. ಗುಡುಗು ಶುರುವಾದರೆ ಮೋಡೆಮ್‌ನ ಕರೆಂಟ್ ಪ್ಲಗ್ ಜೊತೆ ಫೋನ್ ಪಿನ್ನನ್ನೂ ಕೀಳಿ, ಒಂದನ್ನು ಮಾತ್ರ ಕಿತ್ತರೆ ಮೋಡೆಮ್ ಉಳಿಯುವುದಿಲ್ಲ.