ಸಾಕುನಾಯಿಗೆ ಶಿಸ್ತು: ದಂಡನೆ ಏಕೆ ಸಲ್ಲದು?

ನಾಯಿಯ ಬಾಲ ಎಂದಿಗೂ ಡೊಂಕೇ ಎಂಬ ಗಾದೆ ನಮ್ಮಲ್ಲಿ ಬಳಕೆಯಲ್ಲಿದೆ. ಬಾಲದ ಸಂಗತಿ ಹೇಗಾದರೂ ಇರಲಿ, ನಾಯಿಯ ನಡತೆಗೆ ಈ ಮಾತು ಅನ್ವಯಿಸುವುದಿಲ್ಲ. ಕ್ರಮವರಿತು ತಿದ್ದಿದರೆ ಅದು ತಿದ್ದಿಕೊಳ್ಳುವ ಪ್ರಾಣಿ. ಆದರೆ ಆ ಕ್ರಮವನ್ನು ಅರಿಯದೆ ಅನೇಕರು ಅದನ್ನು ಹೊಡೆಯುತ್ತಾರೆ. ಇಲ್ಲವೇ ದಿನವಿಡೀ ಸರಪಳಿಯಲ್ಲಿ ಕಟ್ಟಿಹಾಕುತ್ತಾರೆ. ಮಹಾನಗರಗಳ ವಸತಿ ಸಮುಚ್ಚಯಗಳಲ್ಲಿ ವಾಸಿಸುವವರಿಗೆ ನಾಯಿಯ ದುರ್ವರ್ತನೆಯು ನೆರೆಹೊರೆಯವರೊಡನೆ ವಿರಸಕ್ಕೂ ಕಾರಣವಾಗುವುದುಂಟು. ಆದುದರಿಂದ ಸರಿಯಾದ ವಿಧಾನವನ್ನು ತಿಳಿದಿರುವುದು ಅವಶ್ಯಕ.

ನಾಯಿ ಕಲಿಯುವ ಬಗೆ

ತನಗೆ ಹಿತಕರ ಫಲವನ್ನು ತರುವ ವರ್ತನೆಯನ್ನು ಪ್ರಾಣಿಯು ಪುನಃ ಪುನಃ ಮಾಡುತ್ತದೆ. ಫಲ ದೊರೆಯದಿದ್ದಲ್ಲಿ ಕ್ರಮೇಣ ಬಿಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಅವರು ಬೆಕ್ಕು, ನಾಯಿ ಮತ್ತು ಕೋಳಿಮರಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು 1898ರಲ್ಲಿ ಪ್ರಕಟಿಸಿ ಈ ವಿಚಾರಕ್ಕೆ ತಳಹದಿ ಹಾಕಿದರು.

ಇಲ್ಲಿ ಸಮಯವು ಬಹಳ ಮುಖ್ಯ. ವರ್ತನೆಯ ಬೆನ್ನಲ್ಲೇ, ಒಂದೆರಡು ಕ್ಷಣಗಳೊಳಗೆ ಫಲ ದೊರೆತರೆ ಮಾತ್ರ ನಾಯಿಯು ಅವೆರಡನ್ನೂ ಸುಲಭವಾಗಿ ಜೋಡಿಸಿಕೊಳ್ಳುತ್ತದೆ. ಬೆಳಿಗ್ಗೆ ಚಪ್ಪಲಿ ಕಚ್ಚಿ ಹರಿದ ನಾಯಿಯನ್ನು ಸಂಜೆ ಕಚೇರಿಯಿಂದ ಬಂದ ಯಜಮಾನನು ಹೊಡೆದರೆ, ಅದು ಕಲಿಯುವುದು ಯಜಮಾನನ ಬರವಿಗೆ ಹೆದರುವುದನ್ನು ಮಾತ್ರ. ಆಗ ಅದು ತಲೆ ತಗ್ಗಿಸುವುದನ್ನು ತಪ್ಪೊಪ್ಪಿಗೆ ಎಂದು ಭಾವಿಸಬಾರದು. ಅಂತಹ ಭಂಗಿಯು ನಾಯಿ ಮಾಡಿದ ತಪ್ಪಿಗಿಂತ ಯಜಮಾನನ ಗದರಿಕೆಯನ್ನು ಅವಲಂಬಿಸಿರುತ್ತದೆ ಎಂಬುದನ್ನು ಅಲೆಕ್ಸಾಂಡ್ರಾ ಹೊರೊವಿಟ್ಜ್ ಅವರು 2009ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿದೆ.

ದಂಡನೆಯ ಅಪಾಯ

ನಾಯಿಯು ಗುರುಗುಟ್ಟುವುದು ಒಂದು ಎಚ್ಚರಿಕೆ. ‘ನನಗೆ ಭಯವಾಗಿದೆ, ದೂರವಿರಿ’ ಎಂಬುದು ಅದರ ಅರ್ಥ. ಗುರುಗುಟ್ಟಿದಾಗಲೆಲ್ಲ ಹೊಡೆದರೆ ನಾಯಿಯು ಎಚ್ಚರಿಕೆ ಕೊಡುವುದನ್ನು ಬಿಡಬಹುದು, ಭಯವನ್ನಲ್ಲ. ಮುಂದೊಂದು ದಿನ, ಉಣ್ಣುತ್ತಿರುವ ಅದರ ತಟ್ಟೆಯ ಬಳಿ ಮಗುವು ಕೈಚಾಚಿದಾಗ, ಅದು ಸದ್ದಿಲ್ಲದೆ ಕಚ್ಚಬಹುದು. ಆದುದರಿಂದ ನಾಯಿ ಗುರುಗುಟ್ಟಿದಾಗ ಮೊದಲು ಮಗುವನ್ನು ದೂರ ಸರಿಸಿ, ಅನಂತರ ಕಾರಣವನ್ನು ಹುಡುಕಬೇಕು. ಚಿಕ್ಕ ಮಕ್ಕಳನ್ನು ನಾಯಿಯೊಡನೆ ಒಂಟಿಯಾಗಿ ಬಿಡಕೂಡದು.

ತಿದ್ದುವ ಕ್ರಮ

1. ಮೈಮೇಲೆ ಹಾರುವುದು: ಮಾತನಾಡದೆ, ಮುಟ್ಟದೆ ಮುಖ ತಿರುಗಿಸಿ ನಿಲ್ಲಬೇಕು. ನಾಲ್ಕು ಕಾಲುಗಳೂ ನೆಲದ ಮೇಲೆ ಊರಿದ ಕೂಡಲೇ ಮೈದಡವಬೇಕು.

2. ಮನೆಯೊಳಗೆ ಮಲಮೂತ್ರ ವಿಸರ್ಜನೆ: ಮರಿಯು ನಿದ್ದೆಯಿಂದ ಎದ್ದೊಡನೆ, ಉಂಡ ಮೇಲೆ ಹಾಗೂ ಆಟದ ನಂತರ ಹೊರಗೆ ಕರೆದೊಯ್ಯಬೇಕು. ಸರಿಯಾದ ಸ್ಥಳದಲ್ಲಿ ವಿಸರ್ಜಿಸಿದಾಗ ಅಲ್ಲಿಯೇ ಒಂದು ತಿನಿಸು ಕೊಡಬೇಕು.

3. ಕರೆಗಂಟೆಗೆ ಬೊಗಳುವುದು: ಗಂಟೆ ಬಾರಿಸಿದೊಡನೆ ತನ್ನ ಚಾಪೆಗೆ ಹೋಗಿ ಕುಳಿತುಕೊಳ್ಳುವುದನ್ನು ಅಭ್ಯಾಸ ಮಾಡಿಸಿ, ಪ್ರತಿಸಲವೂ ಬಹುಮಾನ ನೀಡಬೇಕು.

ಮನೆಮಂದಿಯೆಲ್ಲರೂ ಒಂದೇ ನಿಯಮವನ್ನು ಪಾಲಿಸತಕ್ಕದ್ದು. ತಂದೆ ಬೇಡವೆಂದು ಗದರಿಸಿ, ಅಜ್ಜಿ ಊಟದ ನಡುವೆ ತುತ್ತು ಹಾಕಿದರೆ ಬೇಡುವ ಚಟ ಇನ್ನಷ್ಟು ಬಲಿಯುತ್ತದೆ. ದಿನನಿತ್ಯದ ನಡಿಗೆ ಹಾಗೂ ಆಟದ ಕೊರತೆಯೂ ಅನೇಕ ದುರಭ್ಯಾಸಗಳಿಗೆ ಮೂಲ. ಶಾಂತವಾಗಿದ್ದ ನಾಯಿಯು ಹಠಾತ್ತನೆ ಕೆರಳಿದರೆ ನೋವು ಅಥವಾ ರೋಗವಿರುವ ಸಂಭವವಿರುವುದರಿಂದ ಪಶುವೈದ್ಯರಿಗೆ ತೋರಿಸಬೇಕು.

ಕಾನೂನು ಮತ್ತು ಆರೋಗ್ಯ

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ 11ನೆಯ ಪ್ರಕರಣದ ಮೇರೆಗೆ ಪ್ರಾಣಿಯನ್ನು ಹೊಡೆದು, ಒದ್ದು ಅನಗತ್ಯ ನೋವುಂಟುಮಾಡುವುದು ಅಪರಾಧ. ತೀರ ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ಅನುಚಿತ ಕಾಲ ಕಟ್ಟಿಡುವುದೂ, ಸದಾ ಕಟ್ಟಿಹಾಕಿದ ನಾಯಿಗೆ ವ್ಯಾಯಾಮ ಕೊಡದಿರುವುದೂ ಅಪರಾಧಗಳೇ.

ನಾಯಿಗೆ ರೇಬಿಸ್ ನಿರೋಧಕ ಲಸಿಕೆಯನ್ನು ಪಶುವೈದ್ಯರ ಸಲಹೆಯಂತೆ ತಪ್ಪದೆ ಹಾಕಿಸಬೇಕು. ನಾಯಿ ಕಚ್ಚಿದಲ್ಲಿ ಗಾಯವನ್ನು ಸಾಬೂನು ಹಾಗೂ ಹರಿಯುವ ನೀರಿನಿಂದ 15 ನಿಮಿಷ ತೊಳೆದು, ವಿಳಂಬ ಮಾಡದೆ ವೈದ್ಯರನ್ನು ಕಾಣಬೇಕು.

ಶಿಸ್ತು ಎಂದರೆ ಮಾಡಬಾರದುದನ್ನು ತಡೆಯುವುದಷ್ಟೇ ಅಲ್ಲ, ಅದರ ಬದಲು ಏನು ಮಾಡಬೇಕೆಂಬುದನ್ನು ಕಲಿಸುವುದು. ಇದಕ್ಕೆ ಬೇಕಾದುದು ತಾಳ್ಮೆ, ನಿತ್ಯದ ಅಭ್ಯಾಸ ಹಾಗೂ ಮನೆಯವರಲ್ಲಿ ಒಮ್ಮತ.